ಕಕ್ಷೆಯಲ್ಲಿ ಕೈಗೆಲಸ

2025ರ ಜನವರಿ 29ರ ಬೆಳಗಿನ ಜಾವ ಶ್ರೀಹರಿಕೋಟಾದಿಂದ ಜಿಎಸ್‌ಎಲ್‌ವಿ ರಾಕೆಟ್ ಮೇಲೇರಿತು. ಆ ನೆಲದಿಂದ ನಡೆದ ನೂರನೆಯ ಉಡಾವಣೆ ಎಂಬ ಸಂಭ್ರಮ ಬೇರೆ. ರಾಕೆಟ್ ತನ್ನ ಪಾಲಿನ ಕೆಲಸವನ್ನು ಚಾಚೂ ತಪ್ಪದೆ ಮುಗಿಸಿ, ಎನ್‌ವಿಎಸ್‌-02 ಎಂಬ 2,250 ಕಿಲೋ ತೂಕದ ಪಥದರ್ಶಕ ಉಪಗ್ರಹವನ್ನು ಹೇಳಿದ ಜಾಗದಲ್ಲಿ ಬಿಟ್ಟಿತು. ಉಪಗ್ರಹ ಸೌರಫಲಕ ಬಿಡಿಸಿಕೊಂಡಿತು, ವಿದ್ಯುತ್ತು ಬಂತು, ನೆಲದ ಕೇಂದ್ರಗಳೊಡನೆ ಮಾತುಕತೆಯೂ ಶುರುವಾಯಿತು. ಇನ್ನು ಅದು ತನ್ನದೇ ಎಂಜಿನ್ ಉರಿಸಿ, ಉದ್ದನೆಯ ಮೊಟ್ಟೆಯಾಕಾರದ ಹಾದಿಯಿಂದ ಸುಮಾರು 36 ಸಾವಿರ ಕಿ.ಮೀ. ಎತ್ತರದ ದುಂಡು ಕಕ್ಷೆಗೆ ಹತ್ತಬೇಕಿತ್ತು. ಆದರೆ ಇಂಧನ ಉರಿಯಲು ಬೇಕಾದ ಆಕ್ಸಿಡೈಸರನ್ನು ಎಂಜಿನ್ನಿಗೆ ಬಿಡುವ ಕವಾಟ ತೆರೆಯಲಿಲ್ಲ.

ನೆಲದ ಮೇಲಾಗಿದ್ದರೆ ಮುಚ್ಚಳ ಬಿಚ್ಚಿ, ತಂತಿ ತಡಕಿ, ಕವಾಟ ಬದಲಿಸಿ ಕೈ ತೊಳೆದುಕೊಳ್ಳುವ ಕೆಲಸ. ಅಲ್ಲಿ ಹಾಗಾಗದು. ಉಪಗ್ರಹಕ್ಕೆ ಏನಾದರೂ ಮಾಡಬೇಕೆಂದರೆ ನಮ್ಮ ಬಳಿ ಇರುವುದು ರೇಡಿಯೊ ಆಜ್ಞೆ ಒಂದೇ. ನಮ್ಮ ಭೂಸ್ಥಿರ ಉಪಗ್ರಹಗಳ ಯೋಗಕ್ಷೇಮ ನೋಡಿಕೊಳ್ಳುವ ಹಾಸನದ ಪ್ರಧಾನ ನಿಯಂತ್ರಣ ಕೇಂದ್ರದ ದೊಡ್ಡ ಡಿಶ್‌ಗಳಿಂದ ಹೊರಡುವುದು ಮಾತು, ಸ್ಪ್ಯಾನರ್ ಹೊರಡುವುದಿಲ್ಲ. ಆ ಕೇಂದ್ರ ಕಣ್ಣು ಬಿಟ್ಟ ವರ್ಷವೇ, ಅಂದರೆ 1982ರಲ್ಲೇ, ಈ ಪಾಠ ಸಿಕ್ಕಿತ್ತು. ಏಪ್ರಿಲ್‌ನಲ್ಲಿ ಹಾರಿದ ಇನ್ಸಾಟ್-1ಎಯಲ್ಲಿ ಬಿಚ್ಚಿಕೊಳ್ಳಬೇಕಿದ್ದ ಪಟವೊಂದು ಬಿಚ್ಚಿಕೊಳ್ಳಲಿಲ್ಲ. ದಿಕ್ಕು ಸರಿಪಡಿಸಿಕೊಳ್ಳುವುದರಲ್ಲೇ ಇಂಧನ ಖರ್ಚಾಗಿ ಸೆಪ್ಟೆಂಬರ್ ಹೊತ್ತಿಗೆ ಅದರ ಕತೆ ಮುಗಿಯಿತು. 2018ರ ಜಿಸ್ಯಾಟ್-6ಎ ಅಂತೂ ಹಾರಿದ ಮೂರೇ ದಿನಗಳಲ್ಲಿ ಮಾತು ನಿಲ್ಲಿಸಿತು. ಯಾರಾದರೂ ಹತ್ತಿರ ಹೋಗಿ ಒಂದು ಸಲ ನೋಡಿ ಬರಲಿಕ್ಕೂ ಸಾಧ್ಯವಾಗಲಿಲ್ಲ.

ಬಾಹ್ಯಾಕಾಶದ ರೋಬೋಟ್ ಎಂದೊಡನೆ ನಮ್ಮ ಕಣ್ಣೆದುರು ಬರುವುದು ಒಂದು ಮುಖ. 2020ರ ಜನವರಿಯಲ್ಲಿ ಬೆಂಗಳೂರಿನ ಸಮಾವೇಶವೊಂದರಲ್ಲಿ ಇಸ್ರೊ ‘ವ್ಯೋಮಮಿತ್ರ’ಳನ್ನು ತೋರಿಸಿದಾಗ ಪತ್ರಿಕೆಗಳ ಮುಖಪುಟಗಳೆಲ್ಲ ಅವಳದೇ. ಸೊಂಟದಿಂದ ಮೇಲಷ್ಟೇ ಇರುವ, ಮಾತನಾಡುವ, ಗಗನಯಾನದ ಮಾನವರಹಿತ ಹಾರಾಟದಲ್ಲಿ ಕೂರಲಿರುವ ಆ ಯಂತ್ರಕ್ಕೆ ತನ್ನದೇ ಆದ ಕೆಲಸವಿದೆ, ಇಲ್ಲವೆನ್ನುವುದಿಲ್ಲ. ಆದರೆ ಕಕ್ಷೆಯಲ್ಲಿ ಬೆವರು ಸುರಿಸಿ ದುಡಿಯುವ ರೋಬೋಟ್‌ಗಳಿಗೆ ಮುಖವೇ ಇರುವುದಿಲ್ಲ. ಅವು ಬರೀ ತೋಳು. ಅಮೆರಿಕದವರು ‘ರೊಬೊನಾಟ್-2’ ಎಂಬ ಮನುಷ್ಯಾಕೃತಿಯನ್ನು 2011ರಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಕಳಿಸಿದರು. 2014ರಲ್ಲಿ ಕಾಲುಗಳನ್ನೂ ಜೋಡಿಸಿದರು. ಅದು ಕೆಟ್ಟು ಕುಳಿತು, 2018ರಲ್ಲಿ ರಿಪೇರಿಗೆಂದು ಭೂಮಿಗೆ ಮರಳಿತು. ಅದೇ ನಿಲ್ದಾಣದ ಹೊರಮೈಯಲ್ಲಿ ಕೆನಡಾದ ‘ಕೆನಡಾರ್ಮ್-2’ ಎಂಬ 17.6 ಮೀಟರ್ ಉದ್ದದ ತೋಳು 2001ರಿಂದ ದುಡಿಯುತ್ತಲೇ ಇದೆ. ಏಳು ಕೀಲು, ಎರಡೂ ತುದಿಗೆ ಹಸ್ತ. ಒಂದು ತುದಿಯಿಂದ ನಿಲ್ದಾಣವನ್ನು ಹಿಡಿದು ಇನ್ನೊಂದನ್ನು ಬೀಸಿ ಮುಂದಿನ ಹಿಡಿಯನ್ನು ಹಿಡಿಯುತ್ತದೆ, ಹಿಂದಿನದನ್ನು ಬಿಡುತ್ತದೆ, ಹೀಗೆ ನಡೆಯುತ್ತದೆ. 2021ರಲ್ಲಿ ಯಾವುದೋ ಕಸದ ಚೂರು ಬಡಿದು ಅದರ ಮೈಯಲ್ಲಿ ಸುಮಾರು 5 ಮಿ.ಮೀ. ತೂತು ಬಿದ್ದಿದ್ದು ಕಂಡಿತು. ತೋಳು ಕೆಲಸ ನಿಲ್ಲಿಸಲಿಲ್ಲ. ಕೆನಡಾದವರು ಅದನ್ನು ತಮ್ಮ ಐದು ಡಾಲರ್ ನೋಟಿನ ಮೇಲೆ ಅಚ್ಚು ಹಾಕಿಸಿದ್ದಾರೆ. ಸರಿಯಾದವರಿಗೇ ಸಿಕ್ಕ ಗೌರವ.

ಕಕ್ಷೆಯಲ್ಲಿ ಯೋಚಿಸುವುದು, ನೋಡುವುದು, ಲೆಕ್ಕ ಹಾಕುವುದು ಎಲ್ಲವನ್ನೂ ನಾವು ಕಲಿತಾಗಿದೆ. ಇನ್ನೂ ಕೈಗೆ ಹತ್ತದಿರುವ ವಿದ್ಯೆ ಒಂದೇ, ಮುಟ್ಟುವುದು. ಅದರಲ್ಲೂ, ಮುಟ್ಟಿಸಿಕೊಳ್ಳಲೆಂದು ಮಾಡಿರದ ವಸ್ತುವನ್ನು ಮುಟ್ಟುವುದು.

ಆರು ಕೈ, ಒಂದು ಉಪಗ್ರಹ

ಇದು ಎಷ್ಟು ಕಷ್ಟ ಎನ್ನುವುದಕ್ಕೆ 1992ರ ಮೇ ತಿಂಗಳ ಕತೆಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ‘ಇಂಟೆಲ್‌ಸ್ಯಾಟ್-603’ ಎಂಬ ನಾಲ್ಕು ಟನ್ನಿನ ಸಂಪರ್ಕ ಉಪಗ್ರಹ ಎರಡು ವರ್ಷಗಳಿಂದ ಕೆಳಗಿನ ಕಕ್ಷೆಯಲ್ಲಿ ಸಿಕ್ಕಿಬಿದ್ದಿತ್ತು. ಮೇಲೊಯ್ಯಬೇಕಿದ್ದ ರಾಕೆಟ್ಟು ಸರಿಯಾಗಿ ಕಳಚಿಕೊಳ್ಳದೆ ಆದ ಎಡವಟ್ಟು ಅದು. ಅಮೆರಿಕದ ಶಟಲ್ ನೌಕೆ ‘ಎಂಡೆವರ್’ ತನ್ನ ಮೊದಲ ಯಾತ್ರೆಯಲ್ಲೇ ಅದನ್ನು ಹಿಡಿದು, ಹೊಸ ಮೋಟಾರ್ ಕಟ್ಟಿ ಕಳಿಸಲು ಹೊರಟಿತು. ಹಿಡಿಯಲೆಂದೇ ವಿಶೇಷ ಸರಳೊಂದನ್ನು ಮಾಡಿದ್ದರು. ನೆಲದ ಮೇಲೆ ಹತ್ತಾರು ಸಲ ತಾಲೀಮು ನಡೆದಿತ್ತು. ಗಗನಯಾತ್ರಿ ಪಿಯರ್ ತುವೊ ನೌಕೆಯ ತೋಳಿನ ತುದಿಯಲ್ಲಿ ನಿಂತು, ಸರಳನ್ನು ಉಪಗ್ರಹದ ತಳಕ್ಕೆ ಒತ್ತಿದರು. ಚಿಲಕ ಬೀಳುವ ಮೊದಲೇ ಉಪಗ್ರಹ ಅತ್ತ ಸರಿಯಿತು. ಮತ್ತೆ ಒತ್ತಿದರು, ಮತ್ತೆ ಸರಿಯಿತು. ಈ ಸಲ ಹೊರಳಾಟವೂ ಶುರುವಾಯಿತು. ಮರುದಿನವೂ ಅದೇ ಪಾಡು.

ಹಳ್ಳಿಯ ಬಾವಿಗೆ ಬಿದ್ದ ಕೊಡವನ್ನು ಪಾತಾಳಗರಡಿಯಿಂದ ಎತ್ತಲು ಹೋದವರಿಗೆ ಈ ಸಂಕಟ ಅರ್ಥವಾದೀತು: ಕೊಕ್ಕೆ ತಾಗುತ್ತದೆ, ಕೊಡ ಹೊರಳುತ್ತದೆ, ಕಂಠ ಆ ಕಡೆ ತಿರುಗುತ್ತದೆ. ಬಾವಿಯಲ್ಲಿ ನೀರಾದರೂ ಇದೆ, ಕೊಡದ ಓಟಕ್ಕೆ ಒಂದಿಷ್ಟು ತಡೆ ಒಡ್ಡುತ್ತದೆ. ಕಕ್ಷೆಯಲ್ಲಿ ಅದೂ ಇಲ್ಲ. ಬೆರಳ ತುದಿಯಷ್ಟು ಬಲಕ್ಕೆ ನಾಲ್ಕು ಟನ್ ಉಪಗ್ರಹ ಸರಿಯಲಾರಂಭಿಸುತ್ತದೆ, ಮತ್ತೆ ನಿಲ್ಲುವುದೇ ಇಲ್ಲ.

ಕೊನೆಗೆ ಮೇ 13ರಂದು ಮೂವರು ಗಗನಯಾತ್ರಿಗಳು ಹೊರಗೆ ಬಂದರು. ಬಾಹ್ಯಾಕಾಶದಲ್ಲಿ ಮೂವರು ಒಟ್ಟಿಗೆ ಹೊರಬಂದದ್ದು ಅದೇ ಮೊದಲು. ನೌಕೆಯ ಒಡಲಿನಲ್ಲಿ ತ್ರಿಕೋನಾಕಾರದಲ್ಲಿ ನಿಂತು, ಕಮಾಂಡರ್ ನೌಕೆಯನ್ನು ಇಂಚಿಂಚಾಗಿ ಹತ್ತಿರ ತಂದಾಗ ಮೂವರೂ ಒಂದೇ ಸಲಕ್ಕೆ ಕೈಗವಸಿನ ಕೈಯಿಂದ ಉಪಗ್ರಹದ ಅಂಚನ್ನು ಹಿಡಿದರು. ಕೆಲಸ ಮುಗಿದಾಗ ಎಂಟೂವರೆ ತಾಸು ಕಳೆದಿತ್ತು. ಉಪಗ್ರಹ ಉಳಿಯಿತು. ಆದರೆ ಪ್ರತಿ ಕೆಟ್ಟ ಉಪಗ್ರಹಕ್ಕೂ ಮೂವರನ್ನು ಅಷ್ಟು ಖರ್ಚು ಮಾಡಿ, ಅಷ್ಟು ಅಪಾಯಕ್ಕೊಡ್ಡಿ ಕಳಿಸುವುದು ಆಗಿಹೋಗುವ ಮಾತಲ್ಲ. ಇನ್ನು 36 ಸಾವಿರ ಕಿ.ಮೀ. ಎತ್ತರದ ಭೂಸ್ಥಿರ ಕಕ್ಷೆಗೆ ಇವತ್ತಿನವರೆಗೂ ಯಾವ ರಿಪೇರಿಯವನೂ ಹೋದದ್ದಿಲ್ಲ. ಅಲ್ಲಿಗೆ ರೋಬೋಟೇ ಗತಿ.

ಮನುಷ್ಯರೋ ರೋಬೋಟೋ ಎಂಬ ಚರ್ಚೆ ಹಬಲ್ ದೂರದರ್ಶಕದ ವಿಷಯದಲ್ಲೂ ನಡೆಯಿತು. 2003ರ ಕೊಲಂಬಿಯಾ ಶಟಲ್ ದುರಂತದ ನಂತರ ಹಬಲ್‌ಗೆ ಮನುಷ್ಯರನ್ನು ಕಳಿಸುವುದು ಬೇಡವೆಂದು ನಾಸಾದ ಮುಖ್ಯಸ್ಥರು ತೀರ್ಮಾನಿಸಿದಾಗ, ರೋಬೋಟ್ ಕಳಿಸೋಣವೆಂಬ ಯೋಜನೆ ಹುಟ್ಟಿತು. ಅಮೆರಿಕದ ವಿಜ್ಞಾನ ಅಕಾಡೆಮಿಗಳ ಸಮಿತಿ ಲೆಕ್ಕ ಹಾಕಿ, ಸಮಯದೊಳಗೆ ಇದು ಆಗದು, ಮನುಷ್ಯರನ್ನೇ ಕಳಿಸಿ ಎಂದಿತು. 2009ರಲ್ಲಿ ಮನುಷ್ಯರೇ ಹೋದರು. ಒಂದು ಉಪಕರಣದ ಮುಚ್ಚಳಕ್ಕೆ 111 ತಿರುಪುಗಳು. ಅವನ್ನು ತಲುಪುವ ಮೊದಲು ಅಡ್ಡವಿದ್ದ ಹಿಡಿಕೆಯನ್ನು ಬಿಚ್ಚಬೇಕು; ಅದರ ಒಂದು ತಿರುಪಿನ ತಲೆ ಸವೆದು ತಿರುಗಲೇ ಇಲ್ಲ. ಕೋಟಿಗಟ್ಟಲೆ ಡಾಲರಿನ ಸಲಕರಣೆಗಳನ್ನೆಲ್ಲ ಬದಿಗಿಟ್ಟು ಗಗನಯಾತ್ರಿ ಮೈಕ್ ಮ್ಯಾಸಿಮಿನೊ ಆ ಹಿಡಿಕೆಯನ್ನು ಹಿಡಿದು ಜಗ್ಗಿ ಕಿತ್ತೇಬಿಟ್ಟರು. ಎಷ್ಟು ಬಲ ಹಾಕಿದರೆ ಕಿತ್ತುಬರುತ್ತದೆ, ಎಷ್ಟು ಹಾಕಿದರೆ ದೂರದರ್ಶಕಕ್ಕೇ ಏಟು ಎಂಬ ಅಂದಾಜು ಆ ಮಣಿಕಟ್ಟಿನಲ್ಲಿತ್ತು. ರೋಬೋಟ್‌ಗೆ ಕಲಿಸಲು ಹೆಣಗುತ್ತಿರುವುದು ಇದನ್ನೇ.

ಹತ್ತಿರ ಹೋಗುವ ಗೋಳು

ಹಿಡಿಯುವುದು ಆಮೇಲಿನ ಮಾತು. ಹತ್ತಿರ ಹೋಗುವುದೇ ತಲೆಕೆಳಗಿನ ವ್ಯವಹಾರ. ರಸ್ತೆಯಲ್ಲಿ ಮುಂದಿನ ವಾಹನವನ್ನು ಹಿಡಿಯಬೇಕೆಂದರೆ ವೇಗ ಹೆಚ್ಚಿಸುತ್ತೇವೆ. ಕಕ್ಷೆಯಲ್ಲಿ ವೇಗ ಹೆಚ್ಚಿಸಿದರೆ ಹಾದಿ ಮೇಲೇರುತ್ತದೆ, ಸುತ್ತು ದೊಡ್ಡದಾಗುತ್ತದೆ, ನಾವು ಹಿಂದೆ ಬೀಳುತ್ತೇವೆ. ವೇಗ ತಗ್ಗಿಸಿದರೆ ಕೆಳಗಿಳಿದು, ಚಿಕ್ಕ ಸುತ್ತಿನಲ್ಲಿ ಮುಂದೆ ಹೋಗುತ್ತೇವೆ. 1965ರಲ್ಲಿ ಜೆಮಿನಿ-4ರ ಜೇಮ್ಸ್ ಮೆಕ್‌ಡಿವಿಟ್ ಕಣ್ಣೆದುರಿಗೇ ಇದ್ದ ತಮ್ಮ ರಾಕೆಟ್ಟಿನ ಹಂತವನ್ನು ಸಮೀಪಿಸಲು ಮೂಗಿನ ನೇರಕ್ಕೆ ಎಂಜಿನ್ ಉರಿಸಿ, ಇಂಧನ ಕಳೆದುಕೊಂಡು, ಸೋತು ಕೈಬಿಟ್ಟರು. ನುರಿತ ಪೈಲಟ್‌ಗೇ ಹೀಗೆ. ನಾಲ್ಕು ದಶಕಗಳ ಬಳಿಕ, 2005ರಲ್ಲಿ, ನಾಸಾದ ‘ಡಾರ್ಟ್’ ಎಂಬ ಸ್ವಯಂಚಾಲಿತ ನೌಕೆ ಗುರಿಯ ಹತ್ತಿರ ಸುಳಿದು ಪರಿಶೀಲಿಸಬೇಕಿತ್ತು. ಅದು ಇಂಧನ ಪೋಲು ಮಾಡಿಕೊಂಡದ್ದಲ್ಲದೆ, ಗುರಿಗೇ ಹೋಗಿ ಡಿಕ್ಕಿ ಹೊಡೆಯಿತು.

ಈ ವಿದ್ಯೆಯಲ್ಲಿ ಎತ್ತಿದ ಕೈ ಎನಿಸಿಕೊಂಡವರಲ್ಲಿ ಜಪಾನೀಯರೂ ಇದ್ದಾರೆ. 1997ರ ನವೆಂಬರ್‌ನಲ್ಲಿ ಅವರು ಹಾರಿಸಿದ ‘ಇಟಿಎಸ್-7’ ನಿಜಕ್ಕೂ ಎರಡು ಉಪಗ್ರಹಗಳ ಜೋಡಿ. ದೊಡ್ಡದರ ಹೆಸರು ಹಿಕೊಬೋಶಿ, ಚಿಕ್ಕದರ ಹೆಸರು ಒರಿಹಿಮೆ. ಆಕಾಶಗಂಗೆಯ ಎರಡು ದಡಗಳಲ್ಲಿ ಬೇರ್ಪಟ್ಟು ವರ್ಷಕ್ಕೊಮ್ಮೆ, ತನಾಬಾತ ಹಬ್ಬದಂದು ಮಾತ್ರ ಕೂಡುವ ಪ್ರೇಮಿಗಳ ಹೆಸರುಗಳವು. 1998ರಲ್ಲಿ ಆ ಹಬ್ಬದ ದಿನವೇ, ಜುಲೈ 7ರಂದು, ಎರಡನ್ನೂ ಬೇರ್ಪಡಿಸಿ ಮನುಷ್ಯರ ಹಸ್ತಕ್ಷೇಪವಿಲ್ಲದೆ ಮತ್ತೆ ಕೂಡಿಸಿದರು. ಎಂಜಿನಿಯರುಗಳಲ್ಲೂ ರಸಿಕರಿರುತ್ತಾರೆ. ಹಿಕೊಬೋಶಿಗೆ ಎರಡು ಮೀಟರ್ ಉದ್ದದ ತೋಳೂ ಇತ್ತು. ನೆಲದಿಂದ ಹೊರಟ ಆಜ್ಞೆ ಅದಕ್ಕೆ ತಲುಪಿ ಉತ್ತರ ಬರಲು ಹಲವು ಸೆಕೆಂಡು ಬೇಕಾಗುತ್ತಿತ್ತು. ಆ ವಿಳಂಬದಲ್ಲೇ ಅದರಿಂದ ಬಗೆಬಗೆಯ ಕೈಗೆಲಸ ಮಾಡಿಸಿದರು.

ಆ ತೋಳು ಕಲಿಸಿದ ದೊಡ್ಡ ಪಾಠ ನ್ಯೂಟನ್ನನ ಹಳೆಯ ಪಾಠವೇ. ಕಾರ್ಖಾನೆಯ ರೋಬೋಟ್ ತೋಳಿಗೆ ಕಾಂಕ್ರೀಟಿನ ನೆಲವಿದೆ. ಕಕ್ಷೆಯಲ್ಲಿ ತೋಳು ಬಲಕ್ಕೆ ಬೀಸಿದರೆ ಅದನ್ನು ಹೊತ್ತ ಉಪಗ್ರಹ ಎಡಕ್ಕೆ ತಿರುಗುತ್ತದೆ. ಆಂಟೆನಾ ದಿಕ್ಕು ತಪ್ಪಿದರೆ ಭೂಮಿಯೊಡನೆ ಮಾತೂ ನಿಂತೀತು. ಹಾಗಾಗಿ ತೋಳಿನ ಮೆದುಳು ಮತ್ತು ಒಡಲಿನ ಮೆದುಳು ಪ್ರತಿ ಕ್ಷಣವೂ ಮಾತಾಡಿಕೊಳ್ಳಬೇಕು. ಇನ್ನು ಬೆಳಕಿನ ಕಾಟ. ಗಾಳಿಯಿಲ್ಲದ್ದರಿಂದ ಬೆಳಕು ಚದುರುವುದಿಲ್ಲ. ಬಿಸಿಲು ಬಿದ್ದ ಕಡೆ ಬಂಗಾರದ ಬಣ್ಣದ ಹೊದಿಕೆ ಕಣ್ಣು ಕುಕ್ಕುತ್ತದೆ, ಪಕ್ಕದಲ್ಲೇ ನೆರಳು ಡಾಂಬರಿನಂತೆ ಕಪ್ಪು. ಕ್ಯಾಮೆರಾಕ್ಕೆ ಎರಡೂ ಒಟ್ಟಿಗೆ ಕಾಣಬೇಕು. ಅದೂ ಕೆಳ ಕಕ್ಷೆಯಲ್ಲಿ ಪ್ರತಿ 45 ನಿಮಿಷಕ್ಕೊಮ್ಮೆ ಹಗಲೂ ರಾತ್ರಿಯೂ ಅದಲು ಬದಲಾಗುತ್ತಿರುವಾಗ.

ಬಿಗಿದ ಮುಚ್ಚಳಗಳು

ಇಷ್ಟೆಲ್ಲ ದಾಟಿ ಹತ್ತಿರ ಹೋದಿರಿ ಎನ್ನೋಣ. ಮುಂದಿರುವ ಉಪಗ್ರಹ ನಿಮ್ಮನ್ನು ನಿರೀಕ್ಷಿಸಿಯೇ ಇರುವುದಿಲ್ಲ. ನನ್ನ ಮಟ್ಟಿಗೆ ಈ ವಿಷಯದ ತಿರುಳಿರುವುದು ಇಲ್ಲೇ.

ಭೂಸ್ಥಿರ ಉಪಗ್ರಹಗಳು ಸಾಮಾನ್ಯವಾಗಿ ಹದಿನೈದು ವರ್ಷ ಬಾಳುತ್ತವೆ. ಅಷ್ಟರಲ್ಲಿ ಅವುಗಳ ಟ್ರಾನ್ಸ್‌ಪಾಂಡರ್ ಕೆಡುವುದಿಲ್ಲ, ಸೌರಫಲಕ ಪೂರ್ತಿ ಸೋಲುವುದಿಲ್ಲ. ತೀರುವುದು ಇಂಧನ. ಸೂರ್ಯ ಚಂದ್ರರ ಸೆಳೆತಕ್ಕೆ ಕಕ್ಷೆ ವರ್ಷಕ್ಕೆ ಹೆಚ್ಚೂ ಕಡಿಮೆ ಒಂದು ಡಿಗ್ರಿ ವಾಲುತ್ತದೆ. ಆಗಾಗ ಎಂಜಿನ್ ಉರಿಸಿ ಸರಿಪಡಿಸುತ್ತಿರಬೇಕು. ಇಂಧನದ ಕೊನೆಯ ಪಾಲನ್ನು ಉಳಿಸಿಕೊಂಡು, ಇನ್ನೂ ಗಟ್ಟಿಮುಟ್ಟಾಗಿರುವ ಉಪಗ್ರಹವನ್ನು ಸುಮಾರು 300 ಕಿ.ಮೀ. ಮೇಲಿನ ‘ಸ್ಮಶಾನ ಕಕ್ಷೆ’ಗೆ ತಳ್ಳಿ ಕೈಮುಗಿಯುವುದು ಅರ್ಧ ಶತಮಾನದ ರೂಢಿ. ಟ್ಯಾಂಕು ಖಾಲಿಯಾಯಿತೆಂದು ಬಸ್ಸನ್ನೇ ಗುಜರಿಗೆ ಹಾಕುವ ಸಾರಿಗೆ ಸಂಸ್ಥೆಯನ್ನು ನಾವು ಒಂದು ದಿನವೂ ಸಹಿಸುತ್ತಿರಲಿಲ್ಲ.

ಇಂಧನ ತುಂಬಿದರಾಯಿತಲ್ಲ? ತುಂಬುವ ಬಾಯಿ ಎಲ್ಲಿದೆ ನೋಡಿ. ಉಡಾವಣೆಗೆ ಮುನ್ನ ನೆಲದ ಮೇಲೆ ಇಂಧನ ತುಂಬಿದ ಮೇಲೆ ಅದಕ್ಕೆ ಒಂದರ ಮೇಲೊಂದು ಮುಚ್ಚಳ ತಿರುಗಿಸಿ, ಅವು ಅಲುಗದಂತೆ ಸಣ್ಣ ತಂತಿ ಬಿಗಿದು, ಮೇಲೆ ಉಷ್ಣರಕ್ಷಕ ಹೊದಿಕೆ ಹೊಚ್ಚಿ ಅಂಟಿಸಿಬಿಡುತ್ತಾರೆ. ಮತ್ತೆ ಅದನ್ನು ಯಾರೂ ತೆರೆಯುವುದಿಲ್ಲವೆಂಬ ಭರವಸೆಯಲ್ಲಿ ಮಾಡಿದ ಕೆಲಸ. ಇಂಥ ಮುಚ್ಚಳವನ್ನು ರೋಬೋಟ್ ತೆರೆಯಬಲ್ಲದೇ ಎಂದು ನೋಡಲು ನಾಸಾ 2011ರಲ್ಲಿ ಕೊನೆಯ ಶಟಲ್ ಯಾತ್ರೆಯಲ್ಲಿ ಒಂದು ಪೆಟ್ಟಿಗೆಯನ್ನು ನಿಲ್ದಾಣಕ್ಕೆ ಕಳಿಸಿತು. ನಿಲ್ದಾಣದ ಎರಡು ಕೈಗಳ ರೋಬೋಟ್ ‘ಡೆಕ್ಸ್‌ಟರ್’, ಕೆನಡಾರ್ಮ್‌ನ ತುದಿಯಲ್ಲಿ ಕುಳಿತು, ಕೆಲವೇ ಮಿಲಿಮೀಟರ್ ಸಂದಿನಲ್ಲಿ ಕತ್ತರಿ ತೂರಿಸಿ ತಂತಿ ಕತ್ತರಿಸಿತು, ಮುಚ್ಚಳ ಬಿಚ್ಚಿತು. 2013ರ ಜನವರಿಯಲ್ಲಿ ಇಂಧನದ ಬದಲಿಗೆ ಇಟ್ಟಿದ್ದ 1.7 ಲೀಟರ್ ಇಥನಾಲನ್ನು ದಾಟಿಸಿತು. ಲೆಕ್ಕದಲ್ಲಿ ಎರಡು ಬಾಟಲಿಯೂ ತುಂಬದ ದ್ರವ. ಆದರೆ ಅದನ್ನು ಮಾಡಿದ ಕೈ ಕಕ್ಷೆಯಲ್ಲಿತ್ತು, ಮಾಡಿಸಿದವರು ಭೂಮಿಯಲ್ಲಿದ್ದರು.

ಮುಂದಿನ ಹೆಜ್ಜೆಯಾಗಿ ‘ಲ್ಯಾಂಡ್‌ಸ್ಯಾಟ್-7’ ಎಂಬ ನಿಜವಾದ ಹಳೆಯ ಉಪಗ್ರಹಕ್ಕೇ ಹೋಗಿ ಇಂಧನ ತುಂಬುವ ‘ಒಸಾಮ್-1’ ಯೋಜನೆ ಬಂತು. ವರ್ಷಗಳು ಜಾರಿದವು, ಖರ್ಚು ಏರಿತು. 2024ರ ಮಾರ್ಚ್‌ನಲ್ಲಿ ನಾಸಾ ಅದನ್ನು ಕೈಬಿಟ್ಟಿತು. ಕೊಟ್ಟ ಕಾರಣಗಳಲ್ಲಿ ಒಂದನ್ನು ನಾವು ಗಮನಿಸಬೇಕು: ಇಂಧನ ತುಂಬಿಸಿಕೊಳ್ಳಲು ಸಿದ್ಧವಿಲ್ಲದ ಉಪಗ್ರಹಗಳಿಗೆ ಇಂಧನ ತುಂಬುವ ದಾರಿಯಿಂದಲೇ ಈ ಕ್ಷೇತ್ರ ಸರಿದುಹೋಗಿದೆ ಎಂಬುದು. ಅಂದರೆ, ಬಿಗಿದ ಮುಚ್ಚಳ ಬಿಚ್ಚುವ ಮಹಾಜಾಣ ರೋಬೋಟ್ ಮಾಡುವುದಕ್ಕಿಂತ ಬಿಚ್ಚಬಹುದಾದ ಮುಚ್ಚಳ ಮಾಡುವುದು ಅಗ್ಗ.

ಊರುಗೋಲು

ಈ ನಡುವೆ ಖಾಸಗಿಯವರು ಮುಚ್ಚಳದ ತಂಟೆಗೇ ಹೋಗದ ಉಪಾಯ ಕಂಡುಕೊಂಡರು. ನಾರ್ತ್‌ರಪ್ ಗ್ರಮನ್ ಕಂಪನಿಯ ‘ಎಂಇವಿ-1’ 2019ರ ಅಕ್ಟೋಬರ್‌ನಲ್ಲಿ ಹಾರಿತು. 2001ರಿಂದ ದುಡಿದು ಇಂಧನ ತೀರುವ ಹಂತಕ್ಕೆ ಬಂದಿದ್ದ ‘ಇಂಟೆಲ್‌ಸ್ಯಾಟ್-901’ ಅದರ ಗಿರಾಕಿ. ಬಹುತೇಕ ಭೂಸ್ಥಿರ ಉಪಗ್ರಹಗಳಿಗೆ ಹಿಂಭಾಗದಲ್ಲಿ ಒಂದು ಎಂಜಿನ್ನಿನ ಕೊಳವೆ ಇರುತ್ತದೆ. ಕಕ್ಷೆ ತಲುಪಿದ ಮೇಲೆ ಅದಕ್ಕೆ ಕೆಲಸವಿಲ್ಲ. ಎಂಇವಿ-1 ತನ್ನ ಉದ್ದನೆಯ ಶಲಾಕೆಯನ್ನು ಆ ಕೊಳವೆಯ ಗಂಟಲಿನೊಳಗೆ ತೂರಿಸಿ, ಒಳಗೆ ತುದಿಯನ್ನು ಅರಳಿಸಿ, ಎಳೆದು ತನ್ನ ಎದೆಗೆ ಬಿಗಿದುಕೊಂಡಿತು. 2020ರ ಫೆಬ್ರುವರಿ 25ರಂದು, ಸ್ಮಶಾನ ಕಕ್ಷೆಯಲ್ಲಿ. ಏಪ್ರಿಲ್ ಹೊತ್ತಿಗೆ 901 ಮತ್ತೆ ಕೆಲಸಕ್ಕೆ ಹಾಜರು. ಐದು ವರ್ಷ ಎಂಇವಿಯ ಎಂಜಿನ್ನೇ ಎರಡಕ್ಕೂ ಆಸರೆ. 2025ರ ಏಪ್ರಿಲ್‌ನಲ್ಲಿ ಹಳೆಯ ಉಪಗ್ರಹವನ್ನು ಸ್ಮಶಾನ ಕಕ್ಷೆಯಲ್ಲಿ ಬಿಟ್ಟು ಎಂಇವಿ ಕಳಚಿಕೊಂಡಿತು. ಅದರ ತಂಗಿ ಎಂಇವಿ-2 ಇನ್ನೂ ಧೈರ್ಯದ್ದು: 2021ರ ಏಪ್ರಿಲ್‌ನಲ್ಲಿ, ಸೇವೆಯಲ್ಲಿದ್ದ ‘ಇಂಟೆಲ್‌ಸ್ಯಾಟ್ 10-02’ನ್ನು ಭೂಸ್ಥಿರ ಕಕ್ಷೆಯಲ್ಲೇ ಹೋಗಿ ಹಿಡಿಯಿತು.

ಇದನ್ನು ರಿಪೇರಿ ಎನ್ನಲಾಗದು. ಊರುಗೋಲು ಕೊಟ್ಟಂತೆ, ಅಷ್ಟೇ. ಆದರೆ ತೆರೆಯದ ಕವಾಟದ ಉಪಗ್ರಹವನ್ನು ಹೊತ್ತು ಮೇಲಕ್ಕೇರಿಸಲು ಬೇಕಿರುವುದು ಇಂಥ ಊರುಗೋಲೇ.

ಮಂಗಳದ ಮೇಲಿನ ರೋಬೋಟ್‌ಗಳ ಬಗ್ಗೆ ಕನ್ನಡದಲ್ಲಿ ಸಾಕಷ್ಟು ಬಂದಿದೆ, ಇಲ್ಲಿ ಹೆಚ್ಚು ಹೇಳಬೇಕಿಲ್ಲ. ಒಂದು ಪ್ರಸಂಗ ಮಾತ್ರ ಬಿಡಲಾರೆ. ‘ಇನ್‌ಸೈಟ್’ ನೌಕೆಯಲ್ಲಿ ಐದು ಮೀಟರ್ ಆಳಕ್ಕೆ ಕೊರೆಯಬೇಕಿದ್ದ ಸಲಾಕೆ ಮಣ್ಣಿನ ಹಿಡಿತ ಸಿಗದೆ ಹೆಚ್ಚು ಆಳಕ್ಕೆ ಇಳಿಯಲೇ ಇಲ್ಲ. ಎರಡು ವರ್ಷ ತೋಳಿನಿಂದ ತಳ್ಳಿ, ಒತ್ತಿ, ಮಣ್ಣು ಮುಚ್ಚಿ ನೋಡಿದರು. 2021ರ ಜನವರಿಯಲ್ಲಿ ಕೈಚೆಲ್ಲಿದರು. ಅದೇ ವರ್ಷ ಸೌರಫಲಕದ ಮೇಲೆ ಧೂಳು ಕೂತು ವಿದ್ಯುತ್ತು ಇಳಿಯಿತು. ಆಗ ಅದೇ ತೋಳಿನಿಂದ ಮರಳು ಎತ್ತಿ ಫಲಕದ ಬದಿಯಲ್ಲಿ ಸುರಿದರು. ಗಾಳಿಗೆ ಹಾರಿದ ಮರಳ ಕಣಗಳು ಫಲಕದ ಮೇಲೆ ಪುಟಿದು ಧೂಳನ್ನು ಹೊತ್ತೊಯ್ದವು, ವಿದ್ಯುತ್ತು ಏರಿತು. ಧೂಳು ಹೊಡೆಯಲು ಮರಳು! ತೋಳನ್ನು ಮಾಡಿದವರು ಈ ಉಪಯೋಗವನ್ನು ಕನಸಿನಲ್ಲೂ ಎಣಿಸಿರಲಿಲ್ಲ. ಕೈ ಎಂಬುದೊಂದು ಇದ್ದರೆ ಬುದ್ಧಿ ಅದಕ್ಕೆ ಕೆಲಸ ಹುಡುಕಿಕೊಡುತ್ತದೆ.

ಅಲಸಂದೆಯ ಪಕ್ಕದ ತೋಳು

ನಮ್ಮ ಮನೆಯ ಸುದ್ದಿಗೆ ಬರೋಣ. 2024ರ ಡಿಸೆಂಬರ್ 30ರಂದು ಪಿಎಸ್‌ಎಲ್‌ವಿ-ಸಿ60 ಎರಡು ಉಪಗ್ರಹಗಳನ್ನು ಹೊತ್ತೊಯ್ದಿತು. ತಲಾ 220 ಕಿಲೋ. ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದ ಮಾರ್ಗದರ್ಶನದಲ್ಲಿ ಜೋಡಣೆಯಾದವು. ಒಂದರ ಕೆಲಸ ಬೆನ್ನಟ್ಟುವುದು, ಇನ್ನೊಂದರದು ಸಿಕ್ಕಿಕೊಳ್ಳುವುದು. ‘ಸ್ಪೇಡೆಕ್ಸ್’ ಎಂಬ ಈ ಪ್ರಯೋಗಕ್ಕೆ ಜನವರಿ 7ರಂದು ಮುಹೂರ್ತ. ಅದು 9ಕ್ಕೆ ಹೋಯಿತು. ನಡುವೆ ಒಂದು ಉಪಗ್ರಹ ಎಣಿಸಿದ್ದಕ್ಕಿಂತ ಹೆಚ್ಚು ವೇಗವಾಗಿ ಸರಿಯಿತೆಂದು ಮತ್ತೆ ಮುಂದೂಡಿದರು. 12ರಂದು 15 ಮೀಟರ್‌ಗೆ, ಅಲ್ಲಿಂದ 3 ಮೀಟರ್‌ಗೆ ತಂದು, ಹಿಡಿಯದೆ ಹಿಂದೆ ಸರಿಸಿದರು. ಟಿ.ವಿ. ಮುಂದೆ ಕೂತವರಿಗೆ ಬೇಸರ ಬಂದಿರಬಹುದು, ಆದರೆ ಮೇಲೆ ಹೇಳಿದ ಇಂಟೆಲ್‌ಸ್ಯಾಟ್, ಡಾರ್ಟ್‌ಗಳ ಕತೆ ಬಲ್ಲವರು ಆ ಹಿಂಜರಿಕೆಯನ್ನು ಮೆಚ್ಚಿಕೊಂಡರು. ಜನವರಿ 16ರಂದು, ಸೆಕೆಂಡಿಗೆ ಸುಮಾರು 10 ಮಿಲಿಮೀಟರ್ ವೇಗಕ್ಕೆಂದು ರೂಪಿಸಿದ ಮೆಲ್ಲನೆಯ ಸ್ಪರ್ಶದಲ್ಲಿ, ಎರಡೂ ಕೂಡಿದವು. ಅಮೆರಿಕ, ರಷ್ಯಾ, ಜಪಾನ್, ಚೀನಾಗಳಂತೆ ಈ ವಿದ್ಯೆ ನಮಗೂ ಕೈವಶವಾಯಿತು. ಮಾರ್ಚ್ 13ರಂದು ಬೇರ್ಪಡಿಸಿ, ಏಪ್ರಿಲ್ 20ರಂದು ಮತ್ತೆ ಕೂಡಿಸಿದರು.

ಅದೇ ರಾಕೆಟ್ಟಿನ ನಾಲ್ಕನೇ ಹಂತವನ್ನು ಕಸವಾಗಲು ಬಿಡದೆ, ‘ಪೋಯಂ-4’ ಎಂಬ ಪ್ರಯೋಗವೇದಿಕೆಯನ್ನಾಗಿ ಮಾಡಿ 24 ಉಪಕರಣಗಳನ್ನು ಅದರ ಮೇಲೆ ಕೂರಿಸಿದ್ದರು. ಅವುಗಳಲ್ಲೊಂದು ಅಲಸಂದೆ ಬೀಜಗಳ ಡಬ್ಬಿ. ನಾಲ್ಕೇ ದಿನಕ್ಕೆ ಮೊಳಕೆ ಬಂತು, ದೇಶವೆಲ್ಲ ಸುದ್ದಿಯಾಯಿತು. ಪಕ್ಕದಲ್ಲೇ ತಿರುವನಂತಪುರದ ಇಸ್ರೊ ಘಟಕ ಮಾಡಿದ, ಏಳು ಕೀಲುಗಳ, ನಡೆದಾಡಬಲ್ಲ ತೋಳೊಂದು ಕಕ್ಷೆಯಲ್ಲಿ ಮೊದಲ ಸಲ ಅಲುಗಿತು. ಬಾಹ್ಯಾಕಾಶದಲ್ಲಿ ಭಾರತದ ಮೊದಲ ರೋಬೋಟ್ ತೋಳು. ಪತ್ರಿಕೆಗಳಲ್ಲಿ ಅದಕ್ಕೆ ಸಿಕ್ಕ ಜಾಗ ಅಲಸಂದೆಗೆ ಸಿಕ್ಕಿದ್ದರ ಕಾಲು ಭಾಗವೂ ಇರಲಿಲ್ಲ. ಮೊಳಕೆಯ ಮೇಲೆ ನನಗೇನೂ ಹಗೆಯಿಲ್ಲ. ಆದರೆ ಮುಂದಿನ ಇಪ್ಪತ್ತು ವರ್ಷ ನಮ್ಮ ಅನ್ನ ಬೇಯಿಸುವುದು ಆ ತೋಳು. ಕಕ್ಷೆಯ ಕಸವನ್ನು ಕ್ಯಾಮೆರಾದಿಂದ ನೋಡುತ್ತಾ ಬೆನ್ನಟ್ಟಿ ಹಿಡಿಯುವ ಇನ್ನೊಂದು ತೋಳೂ ಅದೇ ವೇದಿಕೆಯಲ್ಲಿತ್ತು.

ಕಸದ ವಿಷಯದಲ್ಲಿ ಹೊರಗಿನವರು ಒಂದು ಹೆಜ್ಜೆ ಮುಂದಿದ್ದಾರೆ. ಜಪಾನಿನ ಆಸ್ಟ್ರೋಸ್ಕೇಲ್ ಕಂಪನಿಯ ನೌಕೆ 2024ರಲ್ಲಿ, 2009ರಿಂದ ಸುತ್ತುತ್ತಿದ್ದ ಸುಮಾರು ಮೂರು ಟನ್ನಿನ, 11 ಮೀಟರ್ ಉದ್ದದ ರಾಕೆಟ್ ಹಂತವೊಂದಕ್ಕೆ 15 ಮೀಟರ್ ಹತ್ತಿರ ಹೋಗಿ ಫೋಟೊ ತೆಗೆದು ಬಂತು. ಅದು ಜಿಪಿಎಸ್ ಇಲ್ಲದ, ಮಾತಾಡದ, ಹಿಡಿ ಇಲ್ಲದ ಜಡವಸ್ತು. ಹಿಡಿಯುವುದು ಮುಂದಿನ ನೌಕೆಯ ಪಾಲಿಗೆ. ಯುರೋಪಿನವರು ಹಿಡಿಯಲೆಂದು ಆರಿಸಿಟ್ಟಿದ್ದ ಕಸಕ್ಕೆ 2023ರಲ್ಲಿ ಬೇರೆ ಯಾವುದೋ ಕಸ ಬಡಿದು, ಗುರಿಯನ್ನೇ ಬದಲಿಸಬೇಕಾಯಿತು. ನಗುವುದೋ ಅಳುವುದೋ ನೀವೇ ಹೇಳಿ.

ಒಂದು ಅನುಮಾನವನ್ನೂ ಮುಚ್ಚಿಡಬಾರದು. ಹಿಡಿದು ರಿಪೇರಿ ಮಾಡುವ ಕೈ ಹಿಡಿದು ಮುರಿಯಲೂಬಹುದು. 2022ರ ಜನವರಿಯಲ್ಲಿ ಚೀನಾದ ‘ಶಿಜಿಯಾನ್-21’ ತನ್ನದೇ ದೇಶದ ಸತ್ತ ಬೇಡೌ ಉಪಗ್ರಹವನ್ನು ಎಳೆದೊಯ್ದು ಸ್ಮಶಾನ ಕಕ್ಷೆಗಿಂತ ಬಹಳ ಮೇಲೆ ಬಿಟ್ಟುಬಂತು. ಕಸ ವಿಲೇವಾರಿಯಾಗಿ ನೋಡಿದರೆ ಶಭಾಸ್ ಎನ್ನಬೇಕು. ಇತರ ದೇಶಗಳ ಸೈನಿಕ ಕಚೇರಿಗಳಲ್ಲಿ ಮಾತ್ರ ಅಂದು ಬೇರೆಯದೇ ಪ್ರಶ್ನೆ ಎದ್ದಿತು: ಸತ್ತದ್ದನ್ನು ಎಳೆದೊಯ್ಯುವವರು ಜೀವಂತವಿರುವುದನ್ನು ಎಳೆದೊಯ್ದರೆ? 2019ರ ಮಾರ್ಚ್‌ನಲ್ಲಿ ನಮ್ಮದೇ ಉಪಗ್ರಹವನ್ನು ಕ್ಷಿಪಣಿಯಿಂದ ಒಡೆದು ತೋರಿಸಿದ ನಾವೂ ಈ ಪ್ರಶ್ನೆಯ ಹೊರಗಿಲ್ಲ. ಯಾರು ಯಾರ ಉಪಗ್ರಹದ ಎಷ್ಟು ಹತ್ತಿರ ಹೋಗಬಹುದು ಎಂಬುದಕ್ಕೆ ಎಲ್ಲರನ್ನೂ ಕಟ್ಟಿಹಾಕುವ ಅಂತರರಾಷ್ಟ್ರೀಯ ನಿಯಮ ಇನ್ನೂ ಆಗಿಲ್ಲ. ಅದಕ್ಕೆಂದು ಕೈ ಮಾಡದೆ ಕೂರುವುದೂ ಉತ್ತರವಲ್ಲ.

2024ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲೇ ನಡೆದ ಅಂತರರಾಷ್ಟ್ರೀಯ ಬಾಹ್ಯಾಕಾಶ ಕಸ ಸಮಿತಿಯ ಸಭೆಯಲ್ಲಿ ಭಾರತ ಒಂದು ಮಾತು ಕೊಟ್ಟಿದೆ: 2030ರ ಹೊತ್ತಿಗೆ ತನ್ನ ಸರ್ಕಾರಿ, ಖಾಸಗಿ ಯಾನಗಳೆಲ್ಲವೂ ಕಸರಹಿತವಾಗಬೇಕೆಂದು. ಒಳ್ಳೆಯ ಮಾತು. ಅದಕ್ಕೆ ಇನ್ನೊಂದು ಸಾಲು ಸೇರಬೇಕು: ಇನ್ನು ಮುಂದೆ ಈ ನೆಲದಿಂದ ಹಾರುವ ಪ್ರತಿ ಉಪಗ್ರಹಕ್ಕೂ ರೋಬೋಟ್ ಹಿಡಿಯಲು ಒಂದು ಹಿಡಿ, ಕ್ಯಾಮೆರಾ ಗುರುತಿಸಲು ಕೆಲವು ಚುಕ್ಕಿಗುರುತು, ದೊಡ್ಡ ಉಪಗ್ರಹವಾದರೆ ಮತ್ತೆ ತೆರೆಯಬಹುದಾದ ಇಂಧನದ ಬಾಯಿ ಕಡ್ಡಾಯ. ಇದಕ್ಕೆ ಬೇಕಿರುವ ತೂಕ ದೊಡ್ಡದಲ್ಲ. ಒನ್‌ವೆಬ್ ಕಂಪನಿ ತನ್ನ ಉಪಗ್ರಹಗಳಿಗೆ ಇಂಥ ಹಿಡಿ ಅಳವಡಿಸುವುದಾಗಿ 2019ರಲ್ಲೇ ಹೇಳಿತ್ತು. ಅದೇ ಕಂಪನಿಯ 72 ಉಪಗ್ರಹಗಳನ್ನು 2022–23ರಲ್ಲಿ ಎರಡು ಕಂತುಗಳಲ್ಲಿ ಶ್ರೀಹರಿಕೋಟಾದಿಂದ ಮೇಲೆ ಕಳಿಸಿದವರು ನಾವೇ. ಬೇರೆಯವರ ಉಪಗ್ರಹಕ್ಕೆ ಹಿಡಿ ಇರಬಹುದಾದರೆ ನಮ್ಮದಕ್ಕೆ ಯಾಕಿರಬಾರದು?

ಚಂದ್ರಯಾನ-4 ಎರಡು ರಾಕೆಟ್‌ಗಳಲ್ಲಿ ಹೋಗಿ ಕಕ್ಷೆಯಲ್ಲಿ ಕೂಡಿಕೊಳ್ಳಬೇಕು. ಭಾರತೀಯ ಅಂತರಿಕ್ಷ ನಿಲ್ದಾಣದ ಮೊದಲ ಘಟಕಕ್ಕೆ 2028ರ ಗುರಿ, ಪೂರ್ತಿ ನಿಲ್ದಾಣಕ್ಕೆ 2035ರ ಗುರಿ. ಅವುಗಳ ಸುದ್ದಿ ಬರುವಾಗ ತೂಕ ಎಷ್ಟು, ಖರ್ಚು ಎಷ್ಟು, ನಾವು ಎಷ್ಟನೆಯ ದೇಶ ಎಂದು ಕೇಳುವುದು ಇದ್ದೇ ಇದೆ. ಕೆಟ್ಟರೆ ಇದನ್ನು ಹಿಡಿಯುವುದು ಎಲ್ಲಿ, ತೆರೆಯುವುದು ಹೇಗೆ ಎಂದೂ ಓದುಗರು ಕೇಳಲು ಶುರುಮಾಡಲಿ.